ಕೆಂಪು ಚೀಟಿ ಮತ್ತು ಸೀತನಿ

ವಾಯುಪಡೆಯಲ್ಲಿದ್ದೆ ಎಂದರೆ ಸಾಕು, ಧಾರವಾಡದ ಜನ ನಾನು ವಿಮಾನ ಹಾರಿಸುತ್ತಿದ್ದೆನೆಂದೇ ತಿಳಿಯುತ್ತಾರೆ. ನಾನೂ ಅವರ ಸಂತೋಷ ಕೆಡಿಸುವುದಿಲ್ಲ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಹಾರುವವರಿಗೆ ಉಡುಪು ತೊಡಿಸಿ ಕಳಿಸುವುದು ನನ್ನ ಕೆಲಸವಾಗಿತ್ತು. ಬೆಂಕಿಗೆ ಕರಗಿ ಮೈಗಂಟುವ ನೈಲಾನು ಒಳಗಿರಬಾರದು, ಜೀವರಕ್ಷಕ ಜಾಕೀಟಿನ ಅವಧಿ ಮೀರಿರಬಾರದು, ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿಗೆ ಕೆಂಪು ಚೀಟಿ ಕಟ್ಟಿ ಮೂಲೆಗಿಡಬೇಕು. "ಹತ್ತೇ ನಿಮಿಷದ ಹಾರಾಟ, ಬಿಡಯ್ಯ" ಎಂದ ದೊಡ್ಡ ಅಧಿಕಾರಿಯನ್ನೂ "ನಿಯಮದಲ್ಲಿ ಅವಕಾಶವಿಲ್ಲ ಸರ್" ಎಂದು ತಡೆದ ಶೂರ ನಾನು. ಈ ಕಥೆಯನ್ನು ನನ್ನ ಹೆಂಡತಿ ಶಾಂತಾ ಎಷ್ಟು ಸಲ ಕೇಳಿದ್ದಾಳೆಂದರೆ, ನಾನು ಉಸಿರೆಳೆದುಕೊಳ್ಳುವಲ್ಲಿ ಅವಳೇ ಮುಂದುವರಿಸುತ್ತಾಳೆ.

ನಿವೃತ್ತಿಯಾದ ಮೇಲೆ ದೇಶಕ್ಕೆ ಬೇಡವಾದ ಈ ಶಿಸ್ತನ್ನೆಲ್ಲ ಮನೆಗೆ ತಂದೆ. ಗ್ಯಾಸಿನ ಪೈಪಿಗೆ ಕೆಂಪು ಚೀಟಿ, ಕುಕ್ಕರಿನ ರಬ್ಬರಿಗೆ ಕೆಂಪು ಚೀಟಿ. ಕೊನೆಗೆ ಶಾಂತಾ ತವರಿನಿಂದ ತಂದಿದ್ದ ನೈಲಾನ್ ಸೀರೆಗೂ ಒಂದು ಕಟ್ಟಿದೆ. "ಬೆಂಕಿ ಹತ್ರ ಕಾಟನ್ ಸೀರಿನ ಉಡಬೇಕು" ಎಂದು ಆಜ್ಞೆಯನ್ನೂ ಹೊರಡಿಸಿದೆ. ಅವಳು ಜಗಳ ತೆಗೆಯಲಿಲ್ಲ. ನಾನು ಹೆದರಬೇಕಾಗಿದ್ದುದು ಆಗಲೇ.

ಮೊನ್ನೆ ಭಾನುವಾರ ಬೆಳಿಗ್ಗೆ ಅಮ್ಮಿನಬಾವಿಯಿಂದ ಗೆಳೆಯ ಬಸಣ್ಣ ಫೋನು ಮಾಡಿದ. "ಹೊಲದಾಗ ಸೀತನಿ ಸುಡಾಕತ್ತೇವಿ, ಇಬ್ಬರೂ ಲಗೂ ಬರ್ರಿ!" ಎಳೆಜೋಳದ ತೆನೆ ಸುಟ್ಟು, ಬಿಸಿಬಿಸಿ ಕಾಳು ಉದುರಿಸಿ, ಮೇಲೆ ಶೇಂಗಾ ಚಟ್ನಿ... ವರ್ಷಕ್ಕೆ ನಾಲ್ಕು ದಿನದ ಸುಖ ಅದು, ಆರಿದರೆ ಅದೂ ಇಲ್ಲ. ಬಾಯಲ್ಲಿ ನೀರೂರಿ ಸ್ಕೂಟರಿನತ್ತ ಓಡಿದೆ. ಅಯ್ಯೋ ಶಿವನೇ, ನನ್ನ ಹೆಲ್ಮೆಟ್ಟಿಗೆ ಕೆಂಪು ಚೀಟಿ ನೇತಾಡುತ್ತಿತ್ತು!

"ಹೋದ ತಿಂಗಳ ಮಾಳಿಗಿ ಮ್ಯಾಲಿಂದ ಬಿತ್ತಲ್ರಿ," ಎಂದಳು ಶಾಂತಾ. "ಬಕ್ಕಲ್ ಮುರದಿದ್ದಕ್ಕ ದಾರ ಕಟ್ಟೀರಿ. ನಾ ನೋಡಿಲ್ಲಂತ ತಿಳಕೊಂಡಿದ್ರೇನು?"

"ಇಲ್ಲೇ ಅಮ್ಮಿನಬಾವಿ. ಹತ್ತು ನಿಮಿಷದ ಹಾದಿ, ಬಿಡ," ಎಂದವನು ನಾಲಿಗೆ ಕಚ್ಚಿಕೊಂಡೆ.

"ನಿಯಮದಾಗ ಅವಕಾಶ ಇಲ್ರಿ, ಸರ್."

ನೋಡಿದರೆ ಅವಳ ತಲೆಯ ಮೇಲೆ ಹೊಸ ಹೆಲ್ಮೆಟ್ಟು, ಕೈಯಲ್ಲಿ ಸ್ಕೂಟರಿನ ಕೀಲಿ. "ಬೆಂಕಿ ಹತ್ರ ಹೊಂಟೇನಿ ಅಂತ ಕಾಟನ್ ಸೀರಿನ ಉಟ್ಟೇನಿ, ಮತ್ತ. ಹಿಂದ ಕುಂತವರಿಗೂ ಹೆಲ್ಮೆಟ್ ಬೇಕಲ್ರಿ, ನೀವು ಮಧ್ಯಾಹ್ನದ ಬಸ್ಸಿಗೆ ಬರ್ರಿ," ಎಂದಳು. ಮಧ್ಯಾಹ್ನಕ್ಕೆ ಅಲ್ಲಿ ಉಳಿಯುವುದು ಬೂದಿ ಮಾತ್ರ.

ಹಾಳು ಅಭ್ಯಾಸ ನೋಡಿ, ಅವಳ ಹೆಲ್ಮೆಟ್ಟಿನ ಪಟ್ಟಿ ಎಳೆದು ಪರೀಕ್ಷಿಸಿದೆ. ಬಿಗಿಯಾಗಿತ್ತು. ಹೆಬ್ಬೆರಳೆತ್ತಿ ಅನುಮತಿ ಕೊಟ್ಟೆ. ಅವಳು ಭರ್ರನೆ ಹೋದಳು. ಇಪ್ಪತ್ತು ವರ್ಷ ಮಾಡಿದ ಕೆಲಸವೇ ತಾನೆ! ಹೋಗುವವರನ್ನು ಕಳಿಸಿ, ನಾನು ಎಂದಿನಂತೆ ನೆಲದ ಮೇಲೆ ನಿಂತಿದ್ದೆ.