ಕಾಕಾನ ಎಡಹುಬ್ಬು

ಫೋಟೋ ತೆಗಿಯೋರ ಬಾಳೇವು ಹಿಂಗ ನೋಡ್ರಿ, ದಿನಾ ಒಂದಿಲ್ಲೊಂದು ನಡೀತಾನ ಇರತೈತಿ. ಮುಖ ಕೊಟ್ಟಾಂವ ದೇವರು, ಬೈಸಿಕೊಳ್ಳಾಕಿ ನಾನು. ಮಲಾಡ್ ಸ್ಟೇಷನ್ ಹತ್ರ ನನ್ನ ಸ್ಟುಡಿಯೋ ಐತಿ. ಪಾಸ್‌ಪೋರ್ಟ್ ಫೋಟೋಕ್ಕ ಬಂದೋರೂ "ಸ್ವಲ್ಪ ತೆಳ್ಳಗ ಮಾಡ್ರಿ" ಅಂತಾರ. ಆದ್ರ ಹಿಂದಿನ ಬಿಲ್ಡಿಂಗ್‌ನ ವಿಜಯಪುರದ ಕಾಕಾ, ಕಾಕಿ ಕಾಡಿದ್ಹಾಂಗ ನನ್ನ ಯಾರೂ ಕಾಡಿಲ್ಲ.

೧. ಹಾರದ ಅಳತಿ

ಕಾಕಾ ಅರಿವಿ ವ್ಯಾಪಾರ ಮಾಡಿ, ಈಗ ಎಲ್ಲಾ ಬಿಟ್ಟು ಮನ್ಯಾಗ ಕುಂತಾರ. ಗಟ್ಟಿ ಆಳು. ಒಂದಿನ ಸ್ಟುಡಿಯೋಕ್ಕ ಬಂದು, "ನಂದೊಂದು ಹಾರ ಹಾಕೋ ಫೋಟೋ ತೆಗಿಯವಾ" ಅಂದ್ರು.

"ಯಾಕ್ರಿ ಕಾಕಾ, ಆರಾಮ ಅದೀರಿಲ್ಲ?"

"ಆರಾಮ ಅದೀನಿ, ಅದಕ್ಕ ಈಗ ಬಂದೀನಿ. ಸತ್ತ ಮ್ಯಾಲೆ ಸ್ಟುಡಿಯೋಕ್ಕ ಬರಾಕ ಆಗತೈತೇನು?"

ಸಂಗತಿ ಇಷ್ಟ. ಅವರ ಅಣ್ಣ ತೀರಿಕೊಂಡಾಗ ಮಕ್ಕಳು ಗಡಿಬಿಡ್ಯಾಗ ಆಧಾರ್ ಕಾರ್ಡಿನ ಫೋಟೋನ ದೊಡ್ಡದು ಮಾಡಿಸಿ ಗ್ವಾಡಿಗೆ ಹಾಕಿದ್ರು. "ಲೋಕಲ್ ಟ್ರೇನಿನ್ಯಾಗ ಟಿಕೆಟ್ ಇಲ್ಲದ ಸಿಕ್ಕಿಬಿದ್ದೋರ್ಹಾಂಗ ಕಾಣ್ತಾನವಾ. ನಮ್ಮಣ್ಣ ಅಲ್ಲ ಅಂವ. ಮೊಮ್ಮಕ್ಕಳು ಅದನ್ನ ಅಜ್ಜ ಅಂತ ತಿಳಕೊಂಡು ಬೆಳೀತಾವ. ನನಗ ಹಂಗ ಆಗಬಾರದು" ಅಂದ್ರು.

ರುಮಾಲು ಸುತ್ತಿಸಿ, ಕುಂದರಿಸಿ ತೆಗದೆ. ಫ್ರೇಮು ತಯಾರಾದ ದಿನ ಕಾಕಾ ಕೈಚೀಲದಾಗ ಗಂಧದ ಹಾರ ತಂದಿದ್ರು, ಅಳತಿ ನೋಡಾಕ. ಫೋಟೋಕ್ಕ ಹಾಕಿದ್ವಿ. ಕಾಕಾ ಎರಡ್ಹೆಜ್ಜಿ ಹಿಂದ ಸರದು ನೋಡಿದ್ರು. ಅಭ್ಯಾಸ ಬಿಡತೈತೇನು? ಚಪ್ಪಲಿ ಕಳದು, ಕೈ ಮುಗದು, "ಭಾಳ ಚಲೋ ಮನಷ್ಯಾ ಇದ್ದ" ಅಂದ್ರು.

೨. ಕಿವಿಗೂದಲ

ಮರುದಿನ ಕಾಕಿ ಆ ಫ್ರೇಮು ಹೊತಗೊಂಡು ಬಂದು ಟೇಬಲ್ ಮ್ಯಾಲೆ ಇಟ್ಟು, "ಇವರು ಯಾರು?" ಅಂತ ಕೇಳಿದ್ರು.

"ಕಾಕಾ ಅಲ್ಲೇನ್ರಿ?"

"ಇಷ್ಟು ಚಂದನ್ನ ಗಂಡಸು ನಮ್ಮನ್ಯಾಗ ಯಾವಾಗ ಇದ್ದ?"

ನಮ್ಮ ಧಂದೆದಾಗ ಯಾರೂ ಹೇಳದಿದ್ರೂ ಮುಖ ನುಣ್ಣಗ ಮಾಡಿ ಕೊಡೋ ಪದ್ಧತಿ ಐತಿ. ಮಚ್ಚಿ ಅಳಿಸಿ, ಎರಡೂ ಹುಬ್ಬು ಸಮ ಮಾಡಿದ್ದೆ.

"ಎಡಹುಬ್ಬು ಮ್ಯಾಲಿರತೈತಿ ಅವರದು" ಅಂದ್ರು ಕಾಕಿ. "ನನ್ನ ನೋಡಾಕ ಬಂದಾಗ ನಾ ಹಾಡಿದ್ದೆ. ಆವಾಗ ಏರಿದ್ದು, ಇನ್ನೂ ಪೂರ್ತಿ ಇಳದಿಲ್ಲ. ಅದನ್ನ ಇಳಸಾಕ ನೀ ಯಾರು? ಮತ್ತ ಕಿವ್ಯಾನ ಕೂದಲ ಎಲ್ಲಿ?"

"ಚಂದ ಕಾಣೂದಿಲ್ಲಂತ ತಗದೀನ್ರಿ."

"ವಾಪಸ್ ಹಚ್ಚು. ಇಷ್ಟು ವರ್ಷ ನನ್ನ ಮಾತು ಒಳಗ ಹೋಗಲಾರದಂಗ ತಡದಿದ್ದು ಅವ."

೩. ಉಪ್ಪಿಲ್ಲದ ಪಲ್ಯಾ

ತಿದ್ದದ ಮೂಲ ಫೋಟೋದಾಗೂ ಹುಬ್ಬು ಕಾಕಿ ಹೇಳಿದಷ್ಟು ಏರಿರಲಿಲ್ಲ. ಮತ್ತೊಮ್ಮೆ ತೆಗಿಯೋಣಂದ್ರ, ಕ್ಯಾಮೆರಾ ಕಂಡಕೂಡ್ಲೆ ಕಾಕಾನ ಮುಖ ಕಲ್ಲಾಗತೈತಿ. ಹುಬ್ಬು ಏನ್ ಮಾಡಿದ್ರೂ ಏರವಲ್ದು. ಕಾಕಿ ನನ್ನ ಬಾಜೂಕ ಕರದು, "ಪಲ್ಯಾಕ ಉಪ್ಪು ಕಡಿಮಿ ಆದಾಗ ಬರತೈತಿ ಅವರ ಖರೇ ಮುಖ. ಬಾಯಿಲೆ ಏನೂ ಅನ್ನೂದಿಲ್ಲ, ಹುಬ್ಬಿಲೆ ಅಂತಾರ" ಅಂತ ಗುಟ್ಟು ಹೇಳಿದ್ರು.

ಮರುದಿನ ಡಬ್ಬಾ ಕಟಗೊಂಡು ಬಂದ್ರು. ಜ್ವಾಳದ ರೊಟ್ಟಿ, ಬೇಕಂತ ಉಪ್ಪು ಹಾಕದ ಬದನಿಕಾಯಿ ಎಣ್ಣೆಗಾಯಿ. ಕಾಕಾ ಅಷ್ಟೂ ಲೈಟಿನ ನಡುವ ಸ್ಟೂಲಿನ ಮ್ಯಾಲೆ ಕುಂತು ಒಂದು ತುತ್ತು ಬಾಯಾಗ ಇಟ್ರು. ಅಗದ್ರು. ಅಗಿಯೂದು ನಿಲ್ಲಿಸಿದ್ರು. ಕಾಕಿನ ನೋಡಿದ್ರು. ಎಡಹುಬ್ಬು ಸಾವಕಾಶ ಮ್ಯಾಲೆ ಹೋತು. ನಾ ಕ್ಲಿಕ್ ಮಾಡಿದೆ.

ಕಾಕಿ ಫೋಟೋ ನೋಡಿ, "ಇವರ ನೋಡು ನಮ್ಮವರು" ಅಂತ ಸೆರಗಿಲೆ ಕಣ್ಣು ಒರಸಿಕೊಂಡ್ರು.

ಪಾಸ್‌ಪೋರ್ಟ್ ಫೋಟೋಕ್ಕಂತ ಟೈ ಕಟಗೊಂಡು ಕಾಯಕೋತ ಕುಂತಿದ್ದ ಒಬ್ಬಾಂವ ಇದನ್ನೆಲ್ಲಾ ನೋಡಿ ಗಾಬರಿಯಾಗಿ, "ಮೇಡಂ, ನಾನೂ ಡಬ್ಬಾ ತರಬೇಕಿತ್ತೇನ್ರಿ?" ಅಂತ ಹಿಂದಿಯೊಳಗ ಕೇಳಿದ.

೪. ಗ್ವಾಡಿ ಮ್ಯಾಲೆ

ಕಾಕಿ ಬಾಜಾರಕ್ಕ ಹೋಗಿದ್ರು. ಮೊಳಿ ತಡೀತೈತೋ ಇಲ್ಲೋ ನೋಡೋಣಂತ ಕಾಕಾ ಹೊಸಾ ಫೋಟೋನ ಹಾರ ಸಮೇತ ಗ್ವಾಡಿಗೆ ಹಾಕಿ, ಒಳಗ ಚಾ ಮಾಡಾಕ ಹೋದ್ರು. ಬಾಗಿಲಾ ತೆರದಿತ್ತು. ಎದುರು ಮನಿ ಗುಜರಾತಿ ಅಕ್ಕಾರು, ಎಲ್ಲಾರೂ ಬೆನ್ ಅಂತ ಕರೀತಾರ, ಫೋಟೋ ನೋಡಿದ್ರು. ಚಾ ಕುದಿಯೋದ್ರಾಗ ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪಿನ ತುಂಬ ಕೈ ಮುಗದ ಚಿತ್ರ ಬಂದ್ವು. ಬೆನ್ ಬಿಳೇ ಸೀರಿ ಸುತಗೊಂಡು ಒಳಗ ಬಂದು, ಫೋಟೋದ ಮುಂದ ನಿಂತು ಅಳಾಕ ಹತ್ತಿದ್ರು.

ಕಾಕಾ ಕಪ್ಪು ಹಿಡಕೊಂಡು ಹೊರಗ ಬಂದು ಅವರ ಹಿಂದ ನಿಂತ್ರು. ಈಕಿ ಯಾಕ ಅಳಾಕತ್ಯಾಳ ಅಂತ ಕೇಳಬೇಕಲ್ಲ? ಅದನ್ನ ಬಿಟ್ಟು, "ಹುಬ್ಬು ಬರೋಬ್ಬರಿ ಬಂದೈತೇನು?" ಅಂತ ಹಿಂದಿಯೊಳಗ ಕೇಳಿದ್ರು.

ಬೆನ್ ತಿರುಗದನ, ಮೂಗು ಒರಸಿಕೋತ, "ಥೇಟ್ ಅವರ. ಇನ್ನೇನು ಮಾತಾಡ್ತಾರ ಅನ್ನೋಹಂಗ ಐತಿ" ಅಂದ್ರು.

"ಮಾತಾಡಾಕತ್ತೀನಲ್ಲ" ಅಂದ್ರು ಕಾಕಾ.

ಬೆನ್ ತಿರುಗಿ ನೋಡಿದ್ರು. ಆಮ್ಯಾಲೆ ಅವರನ್ನ ನಾಲ್ಕು ಮಂದಿ ಎತ್ತಿಕೊಂಡು ಹೋಗಿ ಮಲಗಿಸಬೇಕಾತು.

ಸಂಜಿಕ ಕಾಕಾ ನನಗ ಫೋನ್ ಮಾಡಿದ್ರು. ಧ್ವನ್ಯಾಗ ಭಾಳ ಖುಷಿ ಇತ್ತು. "ಫೋಟೋ ಪಾಸಾತವಾ. ಹೊರಗಿನವರೂ ಗುರ್ತು ಹಿಡದ್ರು. ಇನ್ನ ನಂಗ ಚಿಂತಿ ಇಲ್ಲ. ಆದ್ರ ಒಂದು ನೋಡು, ಈಗ ನಾ ಲಿಫ್ಟಿನ್ಯಾಗ ಹೊಕ್ಕರ ಒಳಗಿದ್ದವರೆಲ್ಲಾ ಇಳದು ಮೆಟ್ಟಲ ಹತ್ತಾಕತ್ಯಾರ."