ದೇವರಿಗಿಟ್ಟ ಶೀಲ್ಡು

ಜಯಶೀಲನ ಕಷ್ಟಕ್ಕೆಲ್ಲ ಮೂಲ ಒಂದು ಟ್ರ್ಯಾಕ್ ಪ್ಯಾಂಟು. ಚರ್ಚಿನ ಕಮಿಟಿ ಮೀಟಿಂಗಿನ ದಿನ ತನ್ನ ಎರಡು ಪ್ಯಾಂಟುಗಳೂ ಒಣಗಿರಲಿಲ್ಲವೆಂದು ಅವನು ಬಾಮೈದನ ನೀಲಿ ಟ್ರ್ಯಾಕ್ ಪ್ಯಾಂಟು ಸಿಕ್ಕಿಸಿಕೊಂಡು ಹೋಗಿದ್ದ. ಶಿಕಾರಿಪುರಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ ಪಾದ್ರಿ ಹೇಮಂತ್ ಅಯ್ಯನವರಿಗೆ ಇನ್ನೂ ಚಿಕ್ಕ ವಯಸ್ಸು, ಉತ್ಸಾಹ ಮೈತುಂಬ. "ಈ ಸಲದ ಸುಗ್ಗಿ ಹಬ್ಬಕ್ಕೆ ಆಟೋಟದ ಆರಾಧನೆ ಮಾಡೋಣ. ತೊಟ್ಟಿಲ ಕೂಸಿಂದ ಹಿಡಿದು ಊರುಗೋಲಿನ ಅಜ್ಜನವರೆಗೆ ಎಲ್ಲರೂ ಸೇರಬೇಕು" ಎಂದು ಸುತ್ತಲೂ ಕಣ್ಣಾಡಿಸಿದರು. ಕಣ್ಣು ಆ ಪ್ಯಾಂಟಿನ ಮೇಲೆ ನಿಂತಿತು.

"ಅರೆ, ನಮ್ಮಲ್ಲೇ ಸ್ಪೋರ್ಟ್ಸ್‌ಮನ್ ಇದಾರಲ್ಲ! ಇದರ ಜವಾಬ್ದಾರಿಯೆಲ್ಲ ಇವರಿಗೇ!"

ಜಯಶೀಲ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ತಪ್ಪಿಹೋಗುತ್ತಿರುವ ಬಸ್ಸಿನ ಹಿಂದೆ ಕೂಡ ಓಡಿದವನಲ್ಲ. ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕಮಿಟಿ ಚಪ್ಪಾಳೆ ತಟ್ಟಿಬಿಟ್ಟಿತ್ತು.

ಅಂತೂ ಆ ಭಾನುವಾರ ಬಂದೇ ಬಂತು. ರಾತ್ರಿಯಿಡೀ ಹೊರಳಾಡಿದ್ದ ಜಯಶೀಲ ಬೆಳಗಾಗುತ್ತಲೇ ಹೈಸ್ಕೂಲಿನ ಡ್ರಿಲ್ ಮಾಸ್ತರು ಮಹಾಂತೇಶರ ಬಾಗಿಲು ಬಡಿದ. ಆಟೋಟ ಅಂದಮೇಲೆ ಎದುರಿಗೆ ಒಂದು ಬಹುಮಾನವಾದರೂ ಕಾಣಬೇಡವೇ? ಮಾಸ್ತರು ಒಳಗಿನಿಂದ ಮೊಣಕಾಲೆತ್ತರದ ಶೀಲ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಂದರು.

"ಜಿಲ್ಲೆಯ ಶೀಲ್ಡು ಕಣ್ರೀ ಇದು. ಗೆದ್ದ ಶಾಲೆ ಒಂದು ವರ್ಷ ಇಟ್ಕೊಂಡು ವಾಪಸ್ ಕೊಡ್ಬೇಕು. ನಾಳೆ ಸೊರಬದಾಗೆ ಕ್ರೀಡಾಕೂಟ. ಅಲ್ಲಿ ಇದು ಕಾಣ್ಲಿಲ್ಲ ಅಂದ್ರೆ ನನ್ ಕೆಲಸಕ್ಕೇ ಸಂಚಕಾರ. ಹೆಡ್‌ಮಾಸ್ತರಿಗೂ ಹೇಳಿಲ್ಲ, ನಿಮ್ ಮುಖ ನೋಡಿ ಕೊಡ್ತಿದೀನ್ರಿ. ಎಲ್ಲಿಂದ ತಂದ್ರಿ ಅಂತ ಯಾರು ಕೇಳಿದ್ರೂ ಬಾಯಿ ಬಿಡಬ್ಯಾಡ್ರಿ."

"ಪ್ರಾಣ ಹೋದ್ರೂ ಸಂಜೆಗೆ ತಂದ್ಕೊಡ್ತೀನಿ ಮಾಸ್ಟ್ರೇ."

ಶಾಲೆಯ ಹೆಸರಿದ್ದ ತಗಡಿನ ಮೇಲೆ ಜರಿ ಕಾಗದ ಅಂಟಿಸಿ, ಶೀಲ್ಡನ್ನು ಪ್ರಸಂಗಪೀಠದ ಪಕ್ಕದಲ್ಲಿ ನಿಲ್ಲಿಸಿದ. ಅದರ ಮೇಲಿನಿಂದ ಅವನು ಕಣ್ಣು ಕೀಳಲಿಲ್ಲ. ಸುಗ್ಗಿ ಹಬ್ಬವಾದ್ದರಿಂದ ಜನ ಬೆಳೆದದ್ದನ್ನೆಲ್ಲ ಹೊತ್ತು ತಂದು ಕಾಣಿಕೆ ಮೇಜಿನ ಮೇಲೆ ಇಡುತ್ತಿದ್ದರು. ಜಡೆ ಊರಿನ ಕಡೆಯಿಂದ ಕುಂಬಳಕಾಯಿ, ಅಂಬ್ಲಿಗೊಳ ಜಲಾಶಯದ ನೀರುಂಡ ಭತ್ತ, ಬಾಳೆಗೊನೆ, ಕಾಲು ಕಟ್ಟಿದ ಒಂದು ಹುಂಜ. ಸೊರಬದ ಸಭೆಯವರು ಎರಡು ಟೆಂಪೊ ತುಂಬ ಬಂದಿಳಿದರು.

ಆರಾಧನೆ ಶುರುವಾಯಿತು. ಗಂಟೆಯ ಬದಲು ಅಯ್ಯನವರು ಸೀಟಿ ಊದಿದರು. ಮಲಗಿದ್ದ ಕೂಸುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಹುಂಜ ಹಗ್ಗ ಕಿತ್ತುಕೊಂಡು ಮಹಿಳಾ ಸಂಘದ ಸುನಂದಮ್ಮನವರ ತಲೆಯ ಮೇಲಿಂದ ಹಾರಿ ನಡುದಾರಿಯಲ್ಲಿ ಓಡಿತು. ಬಾಯಲ್ಲಿ ಚಮಚ, ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಅದೇ ದಾರಿಯಲ್ಲಿ ಹೊರಟಿದ್ದ ಅಜ್ಜಿಯರು ಸ್ಪರ್ಧೆಯನ್ನು ಮರೆತು ಅದನ್ನೇ ಅಟ್ಟಿಸಿಕೊಂಡು ಹೋದರು.

"ಜಯಶೀಲಾ, ನಿನ್ನ ಕಾರ್ಯಕ್ರಮದಾಗೆ ಹುಂಜನೂ ಐತೇನೋ?" ಎಂದರು ಸುನಂದಮ್ಮ, ಸೆರಗು ಸರಿಮಾಡಿಕೊಳ್ಳುತ್ತ. ಜಯಶೀಲ ಬೆವರು ಒರೆಸಿಕೊಂಡ.

ಕೊನೆಗೆ ಅಂಗಳದಲ್ಲಿ ಹಗ್ಗಜಗ್ಗಾಟ, ಶಿಕಾರಿಪುರಕ್ಕೂ ಸೊರಬಕ್ಕೂ. ನಾವೆಲ್ಲ ಒಂದು, ಗೆಲುವೆಲ್ಲ ದೇವರದು ಎಂದು ಅಯ್ಯನವರು ಅಷ್ಟು ಹೊತ್ತು ಪ್ರಸಂಗ ಮಾಡಿದ್ದರೂ, ಹಗ್ಗ ಕೈಗೆ ಬಂದ ಕೂಡಲೇ ಎರಡು ಊರಿನವರೂ ಅದನ್ನು ಮರೆತರು. ಸೊರಬ ಗೆದ್ದಿತು. ಗೆದ್ದವರು ಹೋ ಎಂದು ಒಳನುಗ್ಗಿ ಸೀದಾ ಶೀಲ್ಡಿಗೆ ಕೈ ಹಾಕಿದರು.

"ನಡೀರೋ, ಟೆಂಪೊ ಮೇಲೆ ಕಟ್ಟಣ!"

ಟೆಂಪೊ ಹತ್ತಿದರೆ ಶೀಲ್ಡು ಹೋದಂತೆ, ಮಾಸ್ತರ ಕೆಲಸವೂ ಹೋದಂತೆ. ಜಯಶೀಲ ಜನ್ಮದಲ್ಲಿ ಮೊದಲ ಸಲ ಓಡಿದ. ಅವರ ಕೈಯಿಂದ ಶೀಲ್ಡು ಕಸಿದುಕೊಂಡು, ಏನು ಹೇಳಬೇಕೆಂದು ತೋಚದೆ, ಕುಂಬಳಕಾಯಿಗಳ ನಡುವೆ ಕಾಣಿಕೆ ಮೇಜಿನ ಮೇಲೆ ಕುಕ್ಕಿ ಅರಚಿದ: "ಇದು ಯಾರಿಗೂ ಅಲ್ಲ! ದೇವರಿಗೆ!"

ಚರ್ಚಿನಲ್ಲಿ ಸಿಡಿದ ಚಪ್ಪಾಳೆಗೆ ಕಿಟಕಿಯ ಗಾಜುಗಳು ಅದುರಿದವು. ಅಯ್ಯನವರ ಕಣ್ಣಲ್ಲಿ ನೀರು. "ಗೆಲುವೆಲ್ಲ ದೇವರದೇ ಅಂತ ನಾನು ಅಷ್ಟುದ್ದ ಹೇಳಿದ್ದನ್ನ ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ!"

ಜಯಶೀಲ ನಿಟ್ಟುಸಿರು ಬಿಡುವಷ್ಟರಲ್ಲಿ ಹಿರಿಯರಾದ ಸತ್ಯಾನಂದಪ್ಪ ಮೇಜಿನ ಹಿಂದೆ ಬಂದು ನಿಂತು ಕೋಟಿನ ತೋಳು ಮಡಚಿದರು. ಪ್ರತಿ ಸುಗ್ಗಿ ಹಬ್ಬದಲ್ಲೂ ಕಾಣಿಕೆಗಳನ್ನು ಹರಾಜು ಕೂಗುವವರು ಅವರೇ. ಕುಂಬಳಕಾಯಿ ಹೋಯಿತು, ಬಾಳೆಗೊನೆ ಹೋಯಿತು. ಆಮೇಲೆ ಅವರ ಕೈ ಶೀಲ್ಡನ್ನು ಎತ್ತಿತು.

"ಸತ್ಯಾನಂದಣ್ಣ, ಅದು ಬೇಡ, ಅದು..." ಎಂದು ಜಯಶೀಲ ಪಿಸುಗುಟ್ಟಿದ.

"ಯಾಕಪ್ಪ? ಮೇಜಿನ ಮೇಲೆ ಇಟ್ಟಿದ್ದು ದೇವರದ್ದು. ಇಟ್ಟೋನು ನೀನೇ. ಕೊಟ್ಟಿದ್ದನ್ನ ಈಗ ವಾಪಸ್ ಕೇಳ್ತೀಯೇನು?"

ಜನವೆಲ್ಲ ತನ್ನನ್ನೇ ನೋಡುತ್ತಿತ್ತು. ನಿಜ ಹೇಳೋಣವೆಂದರೆ ಮಾಸ್ತರಿಗೆ ಕೊಟ್ಟ ಮಾತು. ಉಳಿದದ್ದು ಒಂದೇ ದಾರಿ. ಜಯಶೀಲ ಕೈ ಎತ್ತಿ ಸವಾಲು ಕೂಗಿದ.

ಸುಲಭವಾಗಿ ಸಿಕ್ಕೀತೆಂದುಕೊಂಡಿದ್ದ. ಆದರೆ ಹಿಂದಿನ ಬಾಗಿಲಲ್ಲಿ ಗುಂಪುಗಟ್ಟಿ ನಿಂತಿದ್ದ ಸೊರಬದವರಲ್ಲಿ ಒಬ್ಬ ದಪ್ಪ ಮೀಸೆಯವನು ಹೊರಗಿನ ಯಾರನ್ನೋ ಬಗ್ಗಿ ಕೇಳಿ, ಅದಕ್ಕಿಂತ ಹೆಚ್ಚಿಗೆ ಕೂಗಿದ. ಹಗ್ಗದಲ್ಲಿ ಗೆದ್ದರೂ ಸೊರಬದವರ ಹಟ ಇಳಿದಿಲ್ಲವೆಂದು ಜಯಶೀಲ ಹಲ್ಲು ಕಡಿದ. ಅವನು ಏರಿಸಿದ, ಮೀಸೆಯೂ ಏರಿಸಿತು. ಸ್ಕೂಟರಿಗೆ ಹೊಸ ಟೈರು ಹಾಕಿಸುವ ದುಡ್ಡು ಹೋಯಿತು. ಅಡುಗೆಮನೆಗೆ ಬಣ್ಣ ಹೊಡೆಸುವ ಮಾತು ಹೋಯಿತು. ಕ್ರಿಸ್‌ಮಸ್ಸಿಗೆ ಹೆಂಡತಿ ಶಾಲಿನಿಗೆಂದು ಕೂಡಿಟ್ಟಿದ್ದ ರೇಷ್ಮೆ ಸೀರೆಯ ದುಡ್ಡೂ ಹೋದಮೇಲೆ ಮೀಸೆಯವನು ಹೊರಗೆ ಬಗ್ಗಿ ನೋಡಿ ತಲೆಯಲ್ಲಾಡಿಸಿದ.

"ಒಂದ್ ಸಲ, ಎರಡ್ ಸಲ, ಮೂರ್ ಸಲ! ಜಯಶೀಲನಿಗೆ!"

ಹೆಣ ಎತ್ತಿದವನಂತೆ ಶೀಲ್ಡು ಎತ್ತಿಕೊಂಡು ಜಯಶೀಲ ಬಾಗಿಲಿಗೆ ಬಂದ. ಮೀಸೆಯವನ ಹಿಂದೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದವರು ಸಾಕ್ಷಾತ್ ಮಹಾಂತೇಶ ಮಾಸ್ತರು!

"ನೀವಾ?"

"ನೀವೇನ್ರೀ ಕೂಗಿದ್ದು? ಶೀಲ್ಡು ವಾಪಸ್ ಒಯ್ಯಾಕೆ ಬಂದ್ರೆ ಚಪ್ಪಲಿ ರಾಶಿ ದಾಟಿ ಒಳಗೆ ಬರಾಕೆ ಆಗ್ಲಿಲ್ಲ. ಶೀಲ್ಡು ಹರಾಜಿಗೆ ಬಂದೈತೆ ಅಂದ್ರು, ಜೀವ ಬಾಯಿಗೆ ಬಂತು. ಯಾರೋ ಪುಣ್ಯಾತ್ಮ ಬಿಡವಲ್ಲ ಅಂತ ಬೈಕೊಂತ ಇವ್ರ ಕೈಲಿ ಏರಿಸಿದ್ನಲ್ರೀ!"

ಒಬ್ಬರ ಮೇಲೊಬ್ಬರು ಏರಿಸಿ ಏರಿಸಿ ಜಯಶೀಲನ ಜೇಬು ಬರಿದುಮಾಡಿದ್ದರು. ಆದರೂ ಶೀಲ್ಡು ಉಳಿಯಿತಲ್ಲ ಎಂಬ ಖುಷಿಗೆ ಇಬ್ಬರಿಗೂ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲ ಬಳಿ ಜಯಶೀಲ ಮಡಚಿಟ್ಟಿದ್ದ ಬೆಡ್‌ಶೀಟನ್ನು ಮಾಸ್ತರು ಬಿಚ್ಚಿ ಹಿಡಿದರು.

ಅಷ್ಟರಲ್ಲಿ ಒಳಗೆ ಹೆಂಗಸರ ಕಡೆಯಿಂದ ಶಾಲಿನಿಯ ದನಿ ಕೇಳಿತು. ಇಷ್ಟು ದೊಡ್ಡ ಸವಾಲನ್ನು ಆ ಚರ್ಚಿನಲ್ಲಿ ಯಾರೂ ಕೂಗಿರಲಿಲ್ಲ. ಸುತ್ತಲಿನ ಹೆಂಗಸರೆಲ್ಲ ಅವಳ ಕೈ ಹಿಡಿದು ಹೊಗಳಿದ್ದೇ ಹೊಗಳಿದ್ದು. ಕೊಂಡದ್ದನ್ನು ಮನೆಗೆ ಒಯ್ಯದೆ ದೇವರಿಗೇ ಮತ್ತೆ ಕೊಟ್ಟು ಇನ್ನೊಮ್ಮೆ ಹರಾಜು ಹಾಕಿಸುವುದು ಅಲ್ಲಿ ದೊಡ್ಡ ಮನಸ್ಸಿನವರ ಪದ್ಧತಿ. ಹೆಮ್ಮೆಯಿಂದ ಕೆಂಪಾಗಿದ್ದ ಶಾಲಿನಿ ಎದ್ದು ನಿಂತಿದ್ದಳು.

"ಅಯ್ಯನೋರೇ, ಆ ಶೀಲ್ಡನ್ನ ನಮ್ಮ ಮನೆ ಪರವಾಗಿ ಮತ್ತೆ ದೇವರಿಗೇ ಕೊಟ್ಟಿದೀವಿ!"

ಚಪ್ಪಾಳೆಯ ನಡುವೆ ನಾಲ್ಕು ಜನ ಬಂದು ಜಯಶೀಲನ ತೋಳಿನಿಂದ ಶೀಲ್ಡನ್ನು ಭಕ್ತಿಯಿಂದ ಬಿಡಿಸಿಕೊಂಡು ಮೇಜಿಗೆ ಒಯ್ದರು. ಸತ್ಯಾನಂದಪ್ಪ ಮತ್ತೆ ತೋಳು ಮಡಚಿದರು.

ಜಯಶೀಲ ಖಾಲಿ ಬೆಡ್‌ಶೀಟು ಹಿಡಿದು ನಿಂತಿದ್ದ ಮಾಸ್ತರನ್ನು ನೋಡಿದ.

"ಈ ಸಲ ನೀವೇ ಕೂಗಿ ಮಾಸ್ಟ್ರೇ. ನನ್ನ ಹತ್ರ ಉಳಿದಿರೋದು ಬಾಮೈದನ ಪ್ಯಾಂಟು ಒಂದೇ."