ಕದ್ದ ಎಲೆಯೇ ಮದ್ದು

ನಾನು ಪಕ್ಕದಲ್ಲಿ ನಿಂತು ಒಮ್ಮೆ ಗದರಿದರೆ ಪೊರಕೆಯೂ ಚಿಗುರುತ್ತದೆ. ಹೋದ ವಸಂತದಲ್ಲಿ ನಮ್ಮ ಮೇಜಿನ ಕಾಲು ಬಿಟ್ಟ ಏಪ್ರಿಕಾಟನ್ನು ಇಡೀ ಬಿಷ್ಕೆಕ್ ತಿಂದು, ಮಿಕ್ಕದ್ದನ್ನು ಒಣಗಿಸಿಟ್ಟುಕೊಂಡಿತು. ನಂಬದಿದ್ದರೆ ಬಿಡಿ. ಕೆಳಮನೆಯ ಮುರಾತಾಲಿಯ ಕೈಗುಣ ಮಾತ್ರ ಇದಕ್ಕೆ ಪೂರಾ ಉಲ್ಟಾ.

ಅವನ ಹೆಂಡತಿ ಬುರುಲ್ಚಾ ಜಗಳವಾಡಿ ತಂಗಿಯ ಮನೆಗೆ ಹೊರಟಾಗ ಕಿಟಕಿಯಲ್ಲಿದ್ದ ಲೋಳೆಸರದ ಕುಂಡ ತೋರಿಸಿದ್ದಳು. "ಇದಕ್ಕೆ ಏನೂ ಮಾಡೋದು ಬೇಡ. ಅದನ್ನಾದ್ರೂ ನೆಟ್ಟಗೆ ಮಾಡು. ಬಂದಾಗ ಇದನ್ನ ನೋಡಿ, ಇರೋದೋ ಹೋಗೋದೋ ತೀರ್ಮಾನ ಮಾಡ್ತೀನಿ."

ಮುರಾತಾಲಿ ಏನೂ ಮಾಡಲಿಲ್ಲ. ಅದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಗಿಡ ಕುಸ್ತಿಪಟುವಿನಂತೆ ಕೊಬ್ಬಿತು. ಆದರೆ ಅವಳು ಬರಬೇಕಾದ ದಿನವೇ ಕಟ್ಟಡಕ್ಕೆಲ್ಲ ನೆಗಡಿ ಹತ್ತಿತು. ಒಬ್ಬರು ಸೀನಿದರೆ ಐದು ಮಹಡಿಯ ಬಾಗಿಲುಗಳೂ ತೆರೆದುಕೊಳ್ಳುತ್ತಿದ್ದವು.

ಮೊದಲು ಬಂದವಳು ಎದುರುಮನೆಯ ಸಾಬಿರಾ ಅಕ್ಕ, ಬೀಟ್‌ರೂಟಿನಂಥ ಮೂಗು ಹೊತ್ತು.

"ಮೂಗಿಗೆ ಎರಡು ಹನಿ ಲೋಳೆಸರ ಬೇಕಿತ್ತು ಕಣೋ."

"ಒಂದೆಲೆ ಮುರ್ಕೊಡ್ತೀನಿ ಅಕ್ಕ."

"ಕೊಟ್ಟ ಎಲೆ ಮದ್ದಾಗುತ್ತೇನೋ ದಡ್ಡ? ಕದ್ದಿದ್ದೇ ಆಗಬೇಕು. ಆ ಕಡೆ ತಿರುಗು."

ತಿರುಗಿದ. ಲಟಕ್ ಎಂದಿತು.

ಹಿಂದೆಯೇ ಬಸ್ ಓಡಿಸುವ ಸಾಗಿನ್ ಬಂದ.

"ಬೇಡ ಅಣ್ಣ, ನನ್ನ ಸಂಸಾರ ಇದರ ಮೇಲೆ ನಿಂತಿದೆ!"

"ನಾನೇನು ಎಲೆ ಕೇಳಿದ್ನಾ? ಟೀ ಕೊಡಲ್ವೇನೋ, ಜಿಪುಣ?"

ಬಂದವರಿಗೆ ಟೀ ಕೊಡದೆ ಕಳಿಸುವ ಕಿರ್ಗೀಜ್ ಇನ್ನೂ ಹುಟ್ಟಿಲ್ಲ. ಒಬ್ಬೊಬ್ಬರು ಬಂದಾಗಲೂ ಮುರಾತಾಲಿ ಅಡುಗೆಮನೆಗೆ ಹೋದ, ಒಂದೊಂದು ಸಲವೂ ಲಟಕ್. ಮಧ್ಯಾಹ್ನಕ್ಕೆ ಕುಂಡದಲ್ಲಿ ಉಳಿದದ್ದು ಕ್ಷೌರ ಮಾಡಿದ ಗಲ್ಲದಂಥ ಒಂದು ಮೋಟು.

ಆ ಕುಂಡವನ್ನು ಕಸದ ಗಾಡಿಗೆ ಹಾಕಿ, ಮೇಲಿನ ಮಹಡಿಯ ಮೆಟ್ಟಿಲ ಪಕ್ಕದ ಕಿಟಕಿಯಲ್ಲಿ ಯಾರೋ ಇಟ್ಟಿದ್ದ ತುಂಬು ಲೋಳೆಸರವನ್ನು ಕದ್ದು ತಂದಿಟ್ಟ.

ಸಂಜೆ ಬುರುಲ್ಚಾ ಬಂದಳು. ಗಿಡವನ್ನು ಬಹಳ ಹೊತ್ತು ನೋಡಿದಳು. ಕೈಯಲ್ಲಿದ್ದ ಚೀಲವನ್ನು ಕೆಳಗಿಡಲಿಲ್ಲ.

"ಇಷ್ಟು ವರ್ಷ, ಪಾಪ, ಕೈಲಾಗದವನು ಅಂತ ಸಹಿಸ್ಕೊಂಡೆ. ಕೈಲಾಗುತ್ತೆ ನಿನಗೆ. ಗಿಡಕ್ಕಾಗಿ ಆದ್ರೆ ಆಗುತ್ತೆ, ನನಗಾಗಿ ಮಾತ್ರ ಆಗ್ಲಿಲ್ಲ. ಇದು ಸತ್ತಿದ್ರೆ ಇದ್ದುಬಿಡ್ತಿದ್ದೆ."

"ನಮ್ಮದು ಸತ್ತೇ ಹೋಯ್ತು ಕಣೇ! ಎಲ್ರೂ ಕಿತ್ಕೊಂಡು ಹೋದ್ರು! ಇದು ಕದ್ದಿದ್ದು!"

"ಹೌದು ಅಂತ ಒಬ್ಬರು ಹೇಳ್ಲಿ, ನಂಬ್ತೀನಿ."

ಅವಳನ್ನು ಜೊತೆಗೆ ಕರೆದುಕೊಂಡು ಮುರಾತಾಲಿ ಬಾಗಿಲು ಬಾಗಿಲು ಬಡಿದ. ಆದರೆ ಕದ್ದ ಎಲೆಯನ್ನು ಕದ್ದೆನೆಂದು ಒಪ್ಪಿಕೊಂಡರೆ ನೆಗಡಿ ದುಪ್ಪಟ್ಟಾಗಿ ಮರಳುತ್ತದೆಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಸಾಬಿರಾ ಅಕ್ಕ, "ನಾನಾ? ನಿಮ್ಮನೇಲಿ ಗಿಡ ಇದೆ ಅಂತ್ಲೇ ಗೊತ್ತಿಲ್ಲಪ್ಪ" ಎಂದಳು. ಸಾಗಿನ್ ಬಾಗಿಲನ್ನೇ ತೆರೆಯಲಿಲ್ಲ, ಒಳಗಿಂದ ಸೀನಿದ.

ಕೊನೆಗೆ ನನ್ನ ಬಾಗಿಲು.

"ಅಣ್ಣ, ನೀವು ಸುಳ್ಳು ಹೇಳೋರು ಅಂತ ಊರಿಗೇ ಗೊತ್ತು. ಇವತ್ತೊಂದು ದಿನ ನಿಜ ಹೇಳಿ."

"ಯಾವ ಎಲೆ?" ಎಂದೆ.

ಬುರುಲ್ಚಾ ಮೆಟ್ಟಿಲಿಳಿದು ಹೋದಳು. ಮುರಾತಾಲಿ ನನ್ನ ಮೂಗನ್ನೇ ನೋಡುತ್ತ ನಿಂತ. ಅಲ್ಲಿ ರಸ ಇನ್ನೂ ಆರಿರಲಿಲ್ಲ.

ಸರಿ, ಸಿಕ್ಕಿಬಿದ್ದೆ. ನನ್ನ ಮನೆಯಲ್ಲಿ ಇವತ್ತಿನವರೆಗೆ ಒಂದು ಹುಲ್ಲುಕಡ್ಡಿಯೂ ಹುಟ್ಟಿಲ್ಲ. ಅವನ ಕೊನೆಯ ಎಲೆ ಕಿತ್ತವನು ನಾನೇ. ನೆಗಡಿಯೂ ಹೋಗಲಿಲ್ಲ.